ಸಿಂಧನೂರಿನ ಗಣಿತದ ಮೇಡಂಗೆ

ಮೇಡಂ, ಎಂಟು ವರ್ಷ ಗಣಿತ ಕಲಿಸಿ ಈಗ ಕಂಪನಿಗಳ ಟ್ರೈನಿಂಗ್ ಕೆಲಸಕ್ಕೆ ಹೋಗಬೇಕು, ಕೆಲಸ ಹುಡುಕುವವರು ತಮ್ಮ ಬಗ್ಗೆ ಬರೆದುಕೊಳ್ಳುವ ಲಿಂಕ್ಡ್‌ಇನ್‌ ತಾಣದಲ್ಲಿ ಏನು ಬರೆಯಲಿ, ಶಾಲೆಯವರಿಗೆ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ನಾನೂ ರಾಯಚೂರಿನಲ್ಲಿ ಆರು ವರ್ಷ ವಿಜ್ಞಾನ ಪಾಠ ಮಾಡಿ ಹೊರಗೆ ಬಂದವನು.

ಅಲ್ಲಿ ನಿಮ್ಮ ಹೆಸರಿನ ಕೆಳಗಿನ ಸಾಲಿನಲ್ಲಿ ಸುಮ್ನೆ ‘ಟೀಚರ್’ ಅಂತ ಬಿಡಬೇಡಿ. ಅಲ್ಲಿ 220 ಅಕ್ಷರಗಳಿಗೆ ಜಾಗ ಇದೆ. ಮುಂದೆ ಬೇಕಾದ ಕೆಲಸದ ಹೆಸರನ್ನೇ ಹಾಕಿ, ಯಾಕಂದ್ರೆ ರಿಕ್ರೂಟರ್‌ಗಳು, ಅಂದ್ರೆ ಕಂಪನಿಗಳಿಗೆ ಜನರನ್ನು ಹುಡುಕಿಕೊಡುವವರು, ಆ ಪದಗಳನ್ನೇ ಟೈಪ್ ಮಾಡಿ ಹುಡುಕುತ್ತಾರೆ, ‘ಗಣಿತ ಶಿಕ್ಷಕಿ’ ಅಂತ ಹುಡುಕುವುದಿಲ್ಲ. ಅನುಭವದ ಭಾಗದಲ್ಲಿ ‘ಎಸ್ಸೆಸ್ಸೆಲ್ಸಿಗೆ ಪಾಠ’ ಅನ್ನುವ ಒಂದು ಸಾಲು ಸಾಲದು. ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಇಡೀ ವರ್ಷದ ಪಾಠ ಹೇಗೆ ಹಂಚಿಕೊಂಡಿರಿ, ಹೊಸದಾಗಿ ಬಂದ ಟೀಚರ್‌ಗಳಿಗೆ ಏನು ಹೇಳಿಕೊಟ್ಟಿರಿ, ಅದೆಲ್ಲಾ ಬರೆಯಿರಿ. ಟ್ರೈನಿಂಗ್ ಅಂದ್ರೆ ಅದೇ ಅಲ್ವಾ!

ಕೆಲಸ ಹುಡುಕುತ್ತಿದ್ದೀರಿ ಅಂತ ತಿಳಿಸುವ ‘ಓಪನ್ ಟು ವರ್ಕ್’ ಸೆಟ್ಟಿಂಗ್ ಆನ್ ಮಾಡುವಾಗ ರಿಕ್ರೂಟರ್‌ಗಳಿಗೆ ಮಾತ್ರ ಅನ್ನುವುದನ್ನು ಆರಿಸಿ. ಆಗ ಎಲ್ಲರಿಗೂ ಕಾಣುವ ಹಸಿರು ಪಟ್ಟಿ ನಿಮ್ಮ ಫೋಟೊ ಮೇಲೆ ಬರುವುದಿಲ್ಲ. ಆದರೂ ಪೂರ್ತಿ ಗುಟ್ಟಾಗಿ ಉಳಿಯುತ್ತೆ ಅಂತ ಲಿಂಕ್ಡ್‌ಇನ್ ಕೂಡ ಖಾತ್ರಿ ಕೊಡುವುದಿಲ್ಲ.

ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಂಥ ಕಡೆ ಟ್ರೈನಿಂಗ್ ನೋಡಿಕೊಳ್ಳುವವರನ್ನು ಹುಡುಕಿ ಮೆಸೇಜ್ ಮಾಡಿ. ‘ಕೆಲಸ ಇದೆಯಾ’ ಅಂತ ಬೇಡ. ‘ನೀವು ಈ ಕೆಲಸಕ್ಕೆ ಹೇಗೆ ಬಂದಿರಿ’ ಅಂತ ಕೇಳಿದರೆ ಉತ್ತರ ಬರುವ ಸಾಧ್ಯತೆ ಜಾಸ್ತಿ. ಹೆಸರಿನ ಕೆಳಗಿನ ಆ ಸಾಲು ಬರೆದು ಕಳಿಸಿ, ನೋಡಿ ಹೇಳುತ್ತೇನೆ.