12 ಕಂಪ್ಯೂಟರ್, 70 ಮಕ್ಕಳು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ರಾಗ: ಡೇಟಾ ಸೈನ್ಸ್ (ಅಂಕಿ ಅಂಶ ಜಾಲಾಡಿ ಅರ್ಥ ಹುಡುಕುವ ವಿದ್ಯೆ) ಎಲ್ಲಿ ಕಲಿಯಬೇಕು, ಎಷ್ಟು ದುಡ್ಡು ಕಟ್ಟಬೇಕು. ಹಿಂದೆಯೂ ಬರೆದಿದ್ದೇನೆ. ಮತ್ತೆ ಬರೆಯುತ್ತಿದ್ದೇನೆ, ತುಸು ಸಿಟ್ಟಿನಿಂದಲೇ.

ಪ್ರಶ್ನೆ: ನಾನು ಮುಂಬಯಿಯ ಒಂದು ರಾತ್ರಿ ಕಾಲೇಜಿನಲ್ಲಿ ಕಾಮರ್ಸ್ ಉಪನ್ಯಾಸಕ. ನಮ್ಮ 70 ಮಕ್ಕಳಲ್ಲಿ ಹೆಚ್ಚಿನವರು ಹಗಲು ಹೋಟೆಲು, ಅಂಗಡಿ, ಕೊರಿಯರ್ ಕೆಲಸದವರು. ಡೇಟಾ ಸೈನ್ಸ್ ಪದವಿ ತೆರೆಯಬೇಕೆಂದು ಆಡಳಿತ ಮಂಡಳಿ ಹಟ ಹಿಡಿದಿದೆ. ಇರುವುದು 12 ಕಂಪ್ಯೂಟರ್, ಗಣಿತಕ್ಕೆ ಒಬ್ಬರೇ ಮೇಷ್ಟ್ರು. ಆಗುತ್ತದೆಯೇ?

ಉತ್ತರ: ಪದವಿ ಬೇಡ ಸಾರ್. ಬಾಗಿಲ ಮೇಲಿನ ಬೋರ್ಡು ಬದಲಾಗುತ್ತದೆ, ಮೇಷ್ಟ್ರು ಅವರೇ ಇರುತ್ತಾರೆ. ನಾನು ಹೋಗಿದ್ದ ಒಂದು ಕಾಲೇಜಿನಲ್ಲಿ ರಿಬ್ಬನ್ ಕತ್ತರಿಸಿ ಎಸಿ ಲ್ಯಾಬ್ ಉದ್ಘಾಟಿಸಿದ್ದರು. ಆರು ತಿಂಗಳ ಮೇಲೆ ಹೋದರೆ ಬೀಗ. ಕೀಲಿ ಪ್ಯೂನ್ ಹತ್ತಿರ, ಪ್ಯೂನ್ ಊರಿಗೆ!

ಒಂದು ಪೇಪರ್ ಶುರು ಮಾಡಿ. 2020ರ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಓಪನ್ ಇಲೆಕ್ಟಿವ್‌ಗೆ ಜಾಗ ಇದೆ, ಕಾಮರ್ಸಿನವರೂ ಆರ್ಟ್ಸಿನವರೂ ಒಟ್ಟಿಗೆ ಕೂರಬಹುದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2015ರಲ್ಲಿ ಮಾಡಿದ್ದೂ ಇದನ್ನೇ: ಯಾವ ವಿಷಯದವರೂ ಬರಬಹುದು, ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಅದರ ಪಠ್ಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರಿನ ಚಿಂತೆ ಬಿಡಿ. ಪ್ರೋಗ್ರಾಂ ಬರೆದು ಓಡಿಸುವ ಗೂಗಲ್ ಕೊಲ್ಯಾಬ್ ಎಂಬ ತಾಣ ಬ್ರೌಸರಿನಲ್ಲೇ ತೆರೆಯುತ್ತದೆ, ಲೆಕ್ಕ ನಡೆಯುವುದು ಅವರ ಯಂತ್ರದಲ್ಲಿ. ಮಕ್ಕಳನ್ನು ಮೂರು ತಂಡ ಮಾಡಿ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿದರೆ ನಿಮ್ಮ ಹಳೆಯ 12 ಸಾಕು. ನೆಟ್ ಮಾತ್ರ ಕೈಕೊಡಬಾರದು.

ಮೊದಲ ದಿನ ಕಂಪ್ಯೂಟರನ್ನೇ ಮುಟ್ಟಿಸಬೇಡಿ. ನಾನು ಎರಡು ಸಂಖ್ಯೆ ಬರೆಯುತ್ತೇನೆ. 2005ರ ಜುಲೈ 26ರ ಮುಂಬಯಿ ಮಳೆ, ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ 73. ಸರಾಸರಿ ತೆಗೆಯಿರಿ ಎಂದರೆ ಎಲ್ಲರೂ 508.5 ಎನ್ನುತ್ತಾರೆ. ಆ 508.5 ಮಿಲಿಮೀಟರ್ ಮಳೆ ಯಾವ ಹವಾಮಾನ ಸ್ಟೇಷನ್ನಿನಲ್ಲಿ ಬಿತ್ತು ಅಂತ ಕೇಳಿದರೆ ಕ್ಲಾಸು ಮೌನ. ಅಲ್ಲಿಂದ ಪಾಠ ಶುರು.

ಆಮೇಲೆ ಅವರ ಅಂಕಿ ಅಂಶ ಅವರೇ ತರಲಿ. ಎಲ್ಲ ಕ್ಲಾಸಿನಲ್ಲೂ ಅಭ್ಯಾಸಕ್ಕೆ ಕೊಡುವ ಇರಿಸ್ ಹೂವಿನ ಎಸಳಿನ ಅಳತೆ, ಟೈಟಾನಿಕ್ ಪ್ರಯಾಣಿಕರ ಪಟ್ಟಿ ಇವನ್ನು ಎಷ್ಟು ವರ್ಷ ತಿಕ್ಕುವುದು ಮಾರಾಯ್ರೆ? ಹೋಟೆಲಿನ ಗಲ್ಲಾದಲ್ಲಿ ಕೂರುವ ನನ್ನ ಒಬ್ಬ ವಿದ್ಯಾರ್ಥಿ ಮಾಲೀಕರ ಒಪ್ಪಿಗೆ ಪಡೆದು ಮೂರು ತಿಂಗಳ ಬಿಲ್ಲು ತಂದ. ಅದರಲ್ಲಿ ‘ಇಡ್ಲಿ’, ‘ಇಡ್ಲಿ ಪ್ಲೇಟ್’, ‘ಇ.ವಡಾ’ ಎಂದೆಲ್ಲ ಇತ್ತು. ಒಟ್ಟು ಎಷ್ಟು ಇಡ್ಲಿ ಹೋಯಿತು ಎಂದು ಹೇಳಲು ಅವನಿಗೆ ಎರಡು ವಾರ ಹಿಡಿಯಿತು. ಈ ಕೆಲಸದ ಮುಕ್ಕಾಲು ಪಾಲು ಹೀಗೆ ಕಸ ಹೆಕ್ಕುವುದೇ. ಮುಂದೆ ಇನ್ನೊಂದು ಒಗಟು: ಸಾಬುದಾನಾ ಖಿಚಡಿ ಕೆಲವು ದಿನ ಏಕಾಏಕಿ ಏರುತ್ತದೆ, ವಾರಕ್ಕೂ ತಾರೀಕಿಗೂ ಹೊಂದುವುದಿಲ್ಲ. ನನಗೂ ಹೊಳೆಯಲಿಲ್ಲ. ಹುಡುಗ ಪಂಚಾಂಗ ನೋಡಿ ತಿಥಿಯದ್ದೊಂದು ಕಾಲಂ ಸೇರಿಸಿದ, ಉಪವಾಸದ ದಿನಗಳಾದ ಏಕಾದಶಿಯೂ ಸಂಕಷ್ಟಿಯೂ ಎದ್ದು ಕಂಡವು. ಆ ಕಾಲಂ ಯಾವ ಸಾಫ್ಟ್‌ವೇರ್ ಕೊಡುತ್ತಿತ್ತು? ಒಂದು ಎಚ್ಚರ, ಬಿಲ್ಲಿನಲ್ಲಿ ಗಿರಾಕಿಯ ಹೆಸರು, ಮೊಬೈಲ್ ನಂಬರ್ ಇದ್ದರೆ ಕ್ಲಾಸಿಗೆ ತರುವ ಮೊದಲೇ ಅಳಿಸಿರಬೇಕು. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಗಣಿತದವರು ಒಬ್ಬರೇ ಎಂಬ ಕೊರತೆಗೆ, ‘ಸ್ವಯಂ’ ಎಂಬ ಕೇಂದ್ರ ಸರ್ಕಾರದ ಜಾಲತಾಣದ ಆನ್‌ಲೈನ್ ಕೋರ್ಸುಗಳನ್ನು ಬಳಸಿ. ಯುಜಿಸಿಯ 2021ರ ನಿಯಮದಂತೆ ಒಂದು ಸೆಮಿಸ್ಟರಿನಲ್ಲಿ ಪ್ರೋಗ್ರಾಮಿನ ಒಟ್ಟು ಕೋರ್ಸುಗಳ ಶೇ. 40ರವರೆಗೆ ಅಲ್ಲಿಂದ ಪಡೆಯಲು ಅವಕಾಶ ಇದೆ, ವಿಶ್ವವಿದ್ಯಾಲಯ ಒಪ್ಪಬೇಕು. ಆದರೆ ಹಗಲೆಲ್ಲ ನಿಂತು ದುಡಿದ ಹುಡುಗನಿಗೆ ವಿಡಿಯೋ ಹಚ್ಚಿಕೊಟ್ಟು ನೀವು ಸ್ಟಾಫ್ ರೂಮಿಗೆ ಹೋದರೆ ಅವನು ನಿದ್ದೆ ಮಾಡುತ್ತಾನೆ. ನಾನಾದರೂ ಮಾಡುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳುವವರು ಬೇಕು. ಆ ಕೆಲಸ ನಿಮ್ಮದು. ಕಾಮರ್ಸಿನವನು ಎಂದು ಹಿಂಜರಿಯಬೇಡಿ, ಲೆಡ್ಜರ್ ತಾಳೆ ಮಾಡಿ ಗೊತ್ತಿರುವ ನಿಮಗೆ ತಪ್ಪು ಸಂಖ್ಯೆ ಎಂಜಿನಿಯರಿಗಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ಡೊಂಬಿವಲಿಯವರು ನಾವು. ಮಗಳು ಆರ್ಟ್ಸಿನಲ್ಲಿ 12ನೇ ತರಗತಿ ಮುಗಿಸಿದ್ದಾಳೆ. ಒಂದು ಡೇಟಾ ಸೈನ್ಸ್ ಕ್ಲಾಸಿನವರು 3 ಲಕ್ಷ ಕಟ್ಟಿದರೆ ಕೆಲಸ ಗ್ಯಾರಂಟಿ ಅನ್ನುತ್ತಾರೆ, ಕಂತಿನಲ್ಲಿ ಕೊಟ್ಟರೂ ಆದೀತಂತೆ. ಕಟ್ಟಲೇ?

ಉತ್ತರ: ಕಟ್ಟಬೇಡಿ. ‘ಕಂತು’ ಎಂದರೆ ಸಾಮಾನ್ಯವಾಗಿ ಯಾವುದೋ ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಕೊಡುವ ಸಾಲ. ಕ್ಲಾಸು ಬಾಗಿಲು ಹಾಕಿದರೂ ಸಾಲ ನಿಮ್ಮ ಬೆನ್ನು ಬಿಡುವುದಿಲ್ಲ. ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಪದವಿಗೆ ಜೆಇಇ ಎಂಬ ಪ್ರವೇಶ ಪರೀಕ್ಷೆ ಬೇಡ, 12ನೇ ತರಗತಿಯಲ್ಲಿ ಏನು ಓದಿದ್ದರೂ ನಡೆಯುತ್ತದೆ, 10ರಲ್ಲಿ ಗಣಿತ, ಇಂಗ್ಲಿಷ್ ಇರಬೇಕು. ನಾಲ್ಕು ವಾರದ ಪಾಠ, ಆಮೇಲೆ ಅರ್ಹತಾ ಪರೀಕ್ಷೆ. ಆದಾಯ ಕಡಿಮೆಯಿದ್ದವರಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಸುಲಭವೆಂದು ತಿಳಿಯಬೇಡಿ, ಬಿಟ್ಟು ಹೋಗುವವರು ಇದ್ದಾರೆ. ಆ ನಾಲ್ಕು ವಾರದಲ್ಲಿ ಮಗಳಿಗೆ ರುಚಿಸಲಿಲ್ಲವಾದರೆ ನಿಮ್ಮ 3 ಲಕ್ಷ ಉಳಿಯಿತು.

ಪ್ರಶ್ನೆ: ಒಂದು ಲಕ್ಷದ ಲ್ಯಾಪ್‌ಟಾಪ್ ಬೇಕೇ?

ಉತ್ತರ: ಬೇಡ.

ಪ್ರಶ್ನೆ: ಎಐ ಬಂದ ಮೇಲೆ ಸ್ಟ್ಯಾಟಿಸ್ಟಿಕ್ಸ್ ಏಕೆ ಕಲಿಯಬೇಕು?

ಉತ್ತರ: ಎಐ ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ, ಅದಕ್ಕೆ.

ಪ್ರಶ್ನೆ: ಮಗನ ಜಾತಕದಲ್ಲಿ ಬುಧ ನೀಚ. ಡೇಟಾ ಸೈನ್ಸ್ ಕೂಡಿಬರುತ್ತದೆಯೇ?

ಉತ್ತರ: ಈ ಪತ್ರ ಪಕ್ಕದ ಪುಟದ ಭವಿಷ್ಯದವರಿಗೆ ದಾಟಿಸಿದ್ದೇನೆ.