ಕಿಟ್ವೆಗೆ ಹೊರಟವರಿಗೆ

ಜಾಂಬಿಯಾದ ಕಿಟ್ವೆಯಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀರಿ. ಫೋನಿನಲ್ಲಿ ಅಲ್ಲಿನವರೊಬ್ಬರು ‘ಇಚಿಕುಪೆಂಪುಲ ಎಚಿಕುಲ್ಯ’ ಅಂದರಂತೆ, ಅದೇನು ಅಂತಲೂ ಕೇಳಿದ್ದೀರಿ. ಅದು ಅಲ್ಲಿನ ಬೆಂಬಾ ಭಾಷೆಯ ಗಾದೆ, ಅರ್ಥ ಮುಂದೆ ಹೇಳ್ತೀನಿ. ಅವರು ನಿಮಗೆ ಒಳ್ಳೆಯದನ್ನೇ ಬಯಸಿದ್ದಾರೆ ಬಿಡಿ.

ಹವೆ ಚೆನ್ನಾಗಿದೆ. ಊರು ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ಜಾಸ್ತಿ. ಅಕ್ಟೋಬರ್ ಮಾತ್ರ ಸುಡುತ್ತದೆ. ಗಾಡಿ ಓಡಿಸುವುದು ಎಡಗಡೆಯೇ. ಆಫೀಸಿಗೆ ಇಂಗ್ಲಿಷ್ ಸಾಕು. ಆದರೆ ಈ ತಾಮ್ರದ ಗಣಿಗಳ ಸೀಮೆಯಲ್ಲಿ ಬೀದಿಯ ಮಾತು ಬೆಂಬಾ. ‘ಮುಲಿ ಶಾನಿ’ ಅಂತ ಕ್ಷೇಮ ವಿಚಾರಿಸದೆ ನೇರ ಕೆಲಸದ ಮಾತಿಗೆ ಇಳಿಯಬೇಡಿ.

ಫೋನಿನಲ್ಲಿ ಕೇಳಿದ ಆ ಗಾದೆಯ ಅರ್ಥ: ಪದೇ ಪದೇ ನಿನ್ನನ್ನು ನೋಡಲು ಬರುವುದೇ ಕೊನೆಗೆ ನಿನ್ನನ್ನು ತಿನ್ನುತ್ತದೆ. ಆಪತ್ತು ಮೊದಲು ಇಣುಕಿ ಹೋಗುತ್ತದೆ, ಆಗಲೇ ಎಚ್ಚರವಾಗು ಅಂತ. ಮಗ ಮತ್ತೆ ಕುಡಿದು ಬಂದ, ಕಳ್ಳ ಮತ್ತೆ ಗೇಟಿನ ಹತ್ತಿರ ಸುಳಿದ, ಇಂಥ ಹೊತ್ತಿಗೆ ಹಿರಿಯರು ಹೇಳುವ ಮಾತು. ಎಷ್ಟೋ ಸಲ ಅರ್ಧ ಹೇಳಿ ನಿಲ್ಲಿಸುತ್ತಾರೆ, ಉಳಿದದ್ದನ್ನು ಕೇಳುವವರೇ ಮುಗಿಸಬೇಕು. ಕಲಿತ ಖುಷಿಗೆ ಹಿರಿಯರ ಮುಂದೆ ಸುಮ್ನೆ ಉದುರಿಸಬೇಡಿ. ಮನೆಗೆ ಬಂದ ನೆಂಟರ ಮುಂದಂತೂ ಬೇಡವೇ ಬೇಡ!

ನನ್ನ ಕೇಳಿದರೆ, ಇಲ್ಲಿ ಈ ಗಾದೆ ಮೊದಲು ಸಲ್ಲುವುದು ಜ್ವರಕ್ಕೆ. ಸಂಜೆ ಬಂತು, ಬೆಳಿಗ್ಗೆ ಇಳಿಯಿತು, ಮಾತ್ರೆ ನುಂಗಿ ಕೆಲಸಕ್ಕೆ ಹೋದೆ ಅನ್ನುವ ನಮ್ಮ ಅಭ್ಯಾಸ ಇಲ್ಲಿ ನಡೆಯಲ್ಲ. ಇಲ್ಲಿನ ಮಲೇರಿಯಾ ಬಹುಪಾಲು ಫಾಲ್ಸಿಪಾರಂ ಅನ್ನುವ ಅಪಾಯದ ಬಗೆ, ತಡ ಮಾಡಿದರೆ ಮಿದುಳಿಗೇ ಏರಬಹುದು. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ನವೆಂಬರಿನಿಂದ ಏಪ್ರಿಲ್‌ವರೆಗಿನ ಮಳೆಗಾಲದಲ್ಲಿ ಸೊಳ್ಳೆಪರದೆ ಬಿಡಬೇಡಿ. ರಜೆಗೆ ಊರಿಗೆ ಹೋದಾಗ ಮೈ ಬಿಸಿಯಾದರೆ, ಜಾಂಬಿಯಾದಿಂದ ಬಂದಿದ್ದೀನಿ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಅವರು ಡೆಂಗಿ ಹುಡುಕುತ್ತಾ ಕೂರಬಹುದು, ಅಲ್ವಾ?

ಆಮೇಲೆ ಕರೆಂಟು. ಇಲ್ಲಿ ವಿದ್ಯುತ್ ಬಹುಪಾಲು ನೀರಿನಿಂದ ಬರುತ್ತದೆ. ಮಳೆ ಕೈಕೊಟ್ಟರೆ ಕರಿಬಾ ಜಲಾಶಯ ಇಳಿಯುತ್ತದೆ, ಕತ್ತಲೆ ಶುರು. 2024ರ ಬರಗಾಲವನ್ನು ಸರ್ಕಾರ ರಾಷ್ಟ್ರೀಯ ವಿಪತ್ತು ಅಂತಲೇ ಘೋಷಿಸಿತ್ತು. 2015ರಲ್ಲೂ ಹೀಗೇ ಕರೆಂಟು ಹೋಗುತ್ತಿತ್ತು. ಹಾಗಾಗಿ ಬಾಡಿಗೆ ಮನೆ ನೋಡುವಾಗ ಸೋಲಾರ್, ಬೋರ್‌ವೆಲ್ ಇದೆಯಾ ಅಂತ ಮೊದಲು ಕೇಳಿ, ಗ್ರಾನೈಟ್ ನೆಲ ಆಮೇಲೆ ನೋಡಿದರಾಯಿತು. ಅಡುಗೆಗೆ ಗ್ಯಾಸ್ ಒಲೆಯೂ ಇರಲಿ.

ವರ್ಕ್ ಪರ್ಮಿಟ್ ಮುಗಿಯುವ ದಿನವನ್ನು ಕಂಪನಿಯ ಮೇಲೆ ಬಿಡದೆ ನೀವೇ ಬರೆದಿಟ್ಟುಕೊಳ್ಳಿ. ಅಕ್ಕಿ, ಬೇಳೆ ಇಲ್ಲೇ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯಿಂದ ಗಟ್ಟಿಯಾಗಿ ಪ್ಯಾಕ್ ಮಾಡಿಸಿ ತನ್ನಿ.