ರಾಗ-ತಾಳ ಗೊತ್ತಿಲ್ಲದವನು ಕಛೇರಿಗೆ ಬಂದು ಕುಳಿತರೆ ಯಾರಿಗೇನು ಉಪಯೋಗ?

ವರ್ಗವಾಗಿ ಹಾಸನಕ್ಕೆ ಬಂದು ಮೂರು ತಿಂಗಳಾಯಿತು, ಇಲ್ಲಿನ ಹಾಡುಗಾರರಿಗೆ, ನಾಟಕದವರಿಗೆ ಒತ್ತಾಸೆಯಾಗಿ ನಿಲ್ಲುವ ಆಸೆ ಇದೆ, ಆದರೆ ಸಂಗೀತ ಗೊತ್ತಿಲ್ಲ, ಕೊಡಲು ಹೆಚ್ಚು ಹಣವೂ ಇಲ್ಲ, ಸುಮ್ಮನೆ ಹೋಗಿ ಕುಳಿತರೆ ಅವರಿಗೇನಾದರೂ ಉಪಯೋಗವಿದೆಯೇ ಎಂದು ಕೇಳಿದ್ದೀರಿ.

ಇದೆ. ನಾನು ಮೈಕ್‌ಸೆಟ್‌ನವನು. ಇಪ್ಪತ್ತೆರಡು ವರ್ಷಗಳಿಂದ ಸಭಾಂಗಣದ ಹಿಂಬದಿಯಲ್ಲಿ ಮಿಕ್ಸರ್ ಮುಂದಿಟ್ಟುಕೊಂಡು ಕುಳಿತಿದ್ದೇನೆ. ವೇದಿಕೆಯ ಮೇಲಿರುವವರ ಮುಖವೂ ನನಗೆ ಕಾಣುತ್ತದೆ, ನಡುವೆ ಎದ್ದು ಹೋಗುವವರ ಬೆನ್ನೂ ಕಾಣುತ್ತದೆ.

ಮೊದಲು ನನ್ನ ಕಸುಬಿನ ಮಾತು ಹೇಳಿಬಿಡುತ್ತೇನೆ. ಸಂಜೆ ಕಾರ್ಯಕ್ರಮವಿದ್ದರೆ ಮಧ್ಯಾಹ್ನವೇ ಹೋಗಿ ಸ್ಪೀಕರ್ ನಿಲ್ಲಿಸಿ, ಮೃದಂಗದವರಿಂದ ನಾಲ್ಕು ಏಟು ನುಡಿಸಿ ನೋಡುತ್ತೇನೆ. ಖಾಲಿ ಸಭಾಂಗಣದಲ್ಲಿ ಮೊದಲ ಏಟು ಹಿಂದಿನ ಗೋಡೆಗೆ ಬಡಿದು ವಾಪಸು ಬರುವಷ್ಟರಲ್ಲಿ ಎರಡನೆಯದು ಬಿದ್ದಿರುತ್ತದೆ, ಎರಡೂ ಕಲಸಿಹೋಗುತ್ತವೆ. ಹಾಡುವವರಿಗೆ ತಮ್ಮ ದನಿಯೇ ಎದುರು ಮಾತನಾಡಿದಂತಾಗುತ್ತದೆ. ಜನ ಬಂದು ಕುಳಿತರೆ ಅದೇ ಸಭಾಂಗಣ ಬೇರೆಯಾಗಿಬಿಡುತ್ತದೆ. ಮೈ ಮತ್ತು ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತವೆ, ಅದರಲ್ಲೂ ಚೂಪು ದನಿಗಳನ್ನು. ಹಾಗಾಗಿ ಕುರ್ಚಿಗಳು ತುಂಬಿದ ಮೇಲೆ ನಾನು ಟ್ರೆಬಲ್ ಒಂದಿಷ್ಟು ಏರಿಸಬೇಕಾಗುತ್ತದೆ. ಡಿಸೆಂಬರ್‌ನಲ್ಲಿ ಎಲ್ಲರೂ ಸ್ವೆಟರ್ ತೊಟ್ಟು, ಶಾಲು ಹೊದ್ದು ಬಂದರಂತೂ ಇನ್ನೂ ಸ್ವಲ್ಪ. ಅಂದರೆ ಕಲ್ಯಾಣಿ ರಾಗ ಯಾವುದು, ಮೋಹನ ಯಾವುದು ಎಂದು ತಿಳಿಯದ ನೀವು ಕೈಕಟ್ಟಿ ಕುಳಿತಾಗಲೂ ಆ ಕಛೇರಿಗಾಗಿ ದುಡಿಯುತ್ತಿರುತ್ತೀರಿ. ತಮಾಷೆಗೆ ಹೇಳುತ್ತಿಲ್ಲ. ಐವತ್ತು ಜನ ಬಂದರೆ ನನ್ನ ಅರ್ಧ ತಲೆನೋವು ಕಡಿಮೆ.

ಇನ್ನು ಹಾಡುವವರ ಮೇಲೆ ಅದು ಮಾಡುವ ಪರಿಣಾಮ. ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಮಳೆಯಲ್ಲಿ, ಚಿಕ್ಕಮಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ ಸಂಗೀತದ ಮೇಷ್ಟರೊಬ್ಬರ ಕಛೇರಿ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು; ಪೂರ್ಣಾವಧಿ ಹಾಡಲು ಸಿಕ್ಕಿದ್ದು ಅದೇ ಮೊದಲು. ಎಣಿಸಿದೆ, ಹನ್ನೊಂದು ಜನ. ಅವರಲ್ಲಿ ಐವರು ಅವರ ಮನೆಯವರೇ. ಇನ್ನೇನು ಮುಖ್ಯ ರಾಗಕ್ಕೆ ಬರಬೇಕು, ಅಷ್ಟರಲ್ಲಿ ಒಬ್ಬರು ಕೊಡೆ ಮಡಚಿಕೊಂಡು ಒಳಗೆ ಬಂದು, ನೇರ ಮೂರನೆಯ ಸಾಲಿನ ನಡುವೆ ಕುಳಿತರು. ಯಾವುದೋ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಬಸ್ಸಿಗೆ ಇನ್ನೂ ಹೊತ್ತಿದೆ, ಮಳೆ ಬಿಡುವುದಿಲ್ಲ ಎಂದು ಬಂದವರು. ಮೇಷ್ಟರು ಕಲ್ಯಾಣಿ ಎತ್ತಿಕೊಂಡರು. ಐದು ನಿಮಿಷಕ್ಕೆ ರೈಟರ ತಲೆ ಮೆಲ್ಲಗೆ ಮೇಲೆ ಕೆಳಗೆ ಆಡತೊಡಗಿತು. ಮೇಷ್ಟರ ಮುಖ ಅರಳಿತು. ಆಲಾಪನೆ ಬೆಳೆಯಿತು, ನೆರವಲು ಬೆಳೆಯಿತು, ಸ್ವರಪ್ರಸ್ತಾರಕ್ಕೆ ಬಂದಾಗ ಆ ಮನುಷ್ಯನನ್ನೇ ನೋಡಿಕೊಂಡು ಹಾಡಿದರು. ಅಂಥ ಕಲ್ಯಾಣಿಯನ್ನು ಅವರಿಂದ ಮತ್ತೆ ನಾನು ಕೇಳಿಲ್ಲ. ಮುಗಿದ ಮೇಲೆ ವೈರ್ ಸುತ್ತುತ್ತಿದ್ದ ನನ್ನ ಬಳಿ ಬಂದು, "ಆ ಮಹಾನುಭಾವರು ತಲೆದೂಗುತ್ತಿದ್ದರಲ್ಲ, ಇಲ್ಲದಿದ್ದರೆ ಇಪ್ಪತ್ತು ನಿಮಿಷ ಮೊದಲೇ ಮುಗಿಸಿಬಿಡುತ್ತಿದ್ದೆ" ಎಂದರು. ತಲೆದೂಗಿದ್ದಲ್ಲ, ತೂಕಡಿಸಿದ್ದು. ನನ್ನ ಜಾಗದಿಂದ ಗೊರಕೆಯೂ ಕೇಳಿಸುತ್ತಿತ್ತು. ಇವತ್ತಿನವರೆಗೂ ಮೇಷ್ಟರಿಗೆ ಹೇಳಿಲ್ಲ.

ಆದ್ದರಿಂದ ಸಂಗೀತ ಬರುವುದಿಲ್ಲವೆಂಬ ಚಿಂತೆ ಬಿಡಿ. ಚಿಂತೆ ಮಾಡಬೇಕಾದದ್ದು ಯಾವಾಗ ಏಳಬೇಕು ಎಂಬುದರ ಬಗ್ಗೆ. ನಮ್ಮ ಕಡೆಯ ಕಾರ್ಯಕ್ರಮಗಳ ಲಕ್ಷಣ ನಿಮಗೆ ಇನ್ನೂ ತಿಳಿದಿರಲಿಕ್ಕಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಐದೂವರೆ, ದೀಪ ಬೆಳಗುವುದು ಏಳಕ್ಕೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಮುಖ್ಯ ಅತಿಥಿಗಳು, ಅಧ್ಯಕ್ಷರು, ಇಷ್ಟು ಮುಗಿದು ವೇದಿಕೆಯ ಕುರ್ಚಿ ಎತ್ತಿ ಜಮಖಾನ ಹಾಸುವಾಗ ಎಂಟೂವರೆ. ಅತಿಥಿಗಳು ಹೊರಡುತ್ತಾರೆ, ಅವರ ಹಿಂದೆ ಅವರ ಕಡೆಯವರು, ಅವರ ಹಿಂದೆ ಫೋಟೊ ತೆಗೆಯುವವರು. ಹೊಳೆನರಸೀಪುರ, ಆಲೂರು ಕಡೆಯವರಿಗೆ ಬಸ್ಸಿನ ಚಿಂತೆ; ಅವರನ್ನು ನಾನು ದೂರುವುದಿಲ್ಲ. ಹಾಡುವವರು ಶ್ರುತಿಪೆಟ್ಟಿಗೆ ಹಾಕಿ ತಲೆಯೆತ್ತಿ ನೋಡುವ ಹೊತ್ತಿಗೆ ಕಾಣುವುದು ಕೆಂಪು ಕುರ್ಚಿಗಳು. ನೀವು ಬೇಕಾದರೆ ಎಂಟು ಗಂಟೆಗೇ ಬನ್ನಿ. ಭಾಷಣ ತಪ್ಪಿಸಿಕೊಂಡರೆ ಯಾವ ನಷ್ಟವೂ ಇಲ್ಲ. ಆದರೆ ಬಂದ ಮೇಲೆ ಮಂಗಳ ಹಾಡುವವರೆಗೆ ಕೂರಿ, ಹಿಂದೆ ಗೋಡೆಗೆ ಒರಗಿಕೊಂಡಲ್ಲ, ಮುಂದೆ.

ಹಾಸನದವರಿಗೆ ರುದ್ರಪಟ್ಟಣವೆಂದರೆ ಎದೆಯುಬ್ಬುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಆ ಪುಟ್ಟ ಊರಿನಿಂದ ಎಷ್ಟೊಂದು ವಿದ್ವಾಂಸರು ಬಂದರು. ಗಾಯಕ ಆರ್.ಕೆ. ಶ್ರೀಕಂಠನ್ ಅವರು ಹುಟ್ಟಿದ್ದು 1920ರಲ್ಲಿ ಅಲ್ಲಿಯೇ, 2011ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಈಗ ಅಲ್ಲಿ ತಂಬೂರಿಯ ಆಕಾರದ ಮಂದಿರವೇ ಇದೆ, ನೋಡಿ ಬನ್ನಿ. ಇದೆಲ್ಲವನ್ನೂ ಹೆಮ್ಮೆಯಿಂದ ಹೇಳುವವರೇ ತಮ್ಮ ಬೀದಿಯ ಪಾಠದ ಮನೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳು ಹಾಡಿದಾಗ ತಮ್ಮ ಮಗುವಿನ ಸರದಿ ಮುಗಿದೊಡನೆ ಎದ್ದು ಬರುತ್ತಾರೆ. ರುದ್ರಪಟ್ಟಣದಲ್ಲೂ ಹುಟ್ಟುವಾಗಲೇ ಯಾರೂ ವಿದ್ವಾಂಸರಾಗಿರಲಿಲ್ಲ. ಕೇಳುವ ಕಿವಿಗಳು ಊರಿನಲ್ಲೇ ಇದ್ದವು.

ಇದಕ್ಕಿಂತ ದೊಡ್ಡ ಪರೀಕ್ಷೆ ಪೌರಾಣಿಕ ನಾಟಕ. ನೀವು ಬೇರೆ ಸೀಮೆಯವರಾದರೆ ನಂಬುವುದು ಕಷ್ಟ: ನಮ್ಮಲ್ಲಿ ಕುರುಕ್ಷೇತ್ರ ನಾಟಕ ಆಡುವವರು ಹಣ ಪಡೆಯುವುದಿಲ್ಲ, ಕೈಯಿಂದ ಕೊಡುತ್ತಾರೆ. ಪಾತ್ರಕ್ಕೆ ಇಷ್ಟೆಂದು ಗೊತ್ತಾಗಿರುತ್ತದೆ, ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು. ಆ ಹಣದಲ್ಲೇ ಹಾರ್ಮೋನಿಯಂ ಮೇಷ್ಟರ ಸಂಭಾವನೆ, ಸೀನರಿ ಬಾಡಿಗೆ, ಹೊರಗಿನಿಂದ ಕರೆಸುವ ನಟಿಯರ ಖರ್ಚು, ನನ್ನ ಮೈಕ್‌ಸೆಟ್. ಕಿರಾಣಿ ಅಂಗಡಿಯವನು, ಹಾಲಿನ ಡೇರಿಯ ಕಾರ್ಯದರ್ಶಿ, ಲೈನ್‌ಮನ್, ಇಂಥವರು ತಿಂಗಳುಗಟ್ಟಲೆ ರಾತ್ರಿ ಕುಳಿತು ಮಟ್ಟು ಕಲಿಯುತ್ತಾರೆ. ಸ್ವಂತ ಸಾವಿರಾರು ರೂಪಾಯಿ ಕೊಟ್ಟು ಒಂದು ರಾತ್ರಿ ದುರ್ಯೋಧನನಾಗುವ ಈ ಹುಚ್ಚನ್ನು ನಾನು ಬಹಳ ಗೌರವಿಸುತ್ತೇನೆ, ಕಂದಪದ್ಯದ ಕೊನೆಯಲ್ಲಿ ಅವರು ಮೈಕನ್ನು ನುಂಗುವಂತೆ ಹತ್ತಿರ ಬಂದು ಕೂಗುವುದೊಂದನ್ನು ಬಿಟ್ಟು.

ಅಲ್ಲಿ ಜನಕ್ಕೇನೂ ಕೊರತೆಯಿಲ್ಲ. ಆದರೆ ಒಬ್ಬೊಬ್ಬ ಪಾತ್ರಧಾರಿಗೂ ಅವನವನ ಜನ. ಹಾರ ಹಾಕುತ್ತಾರೆ, ನೋಟು ಪಿನ್ ಮಾಡುತ್ತಾರೆ, ಒನ್ಸ್ ಮೋರ್ ಎನ್ನುತ್ತಾರೆ, ತಮ್ಮ ಹುಡುಗನ ದೃಶ್ಯ ಮುಗಿದರೆ ಟೆಂಪೊ ಹತ್ತುತ್ತಾರೆ. ಬೆಳಗಿನ ಜಾವದ ಗದಾಯುದ್ಧಕ್ಕೆ ಉಳಿಯುವವರು ಯಾರು? ಒಮ್ಮೆ ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಭೀಮ ಗದೆ ಬೀಸುತ್ತಿದ್ದಾನೆ, ಎದುರಿಗೆ ಶಾಮಿಯಾನದ ಹುಡುಗರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾರೆ, ಪ್ರತಿ ಏಟಿಗೂ ಒಂದು ಕುರ್ಚಿ. ತೊಡೆ ಮುರಿದು ಬಿದ್ದ ದುರ್ಯೋಧನ ಮಲಗಿದಲ್ಲಿಂದಲೇ ಅವರಿಗೆ, "ಇನ್ನೊಂದು ಪದ್ಯ ಇದೆ, ತಡೆಯಿರೋ" ಎಂದ. ಕಾಲರ್ ಮೈಕ್ ಹಾಕಿದ್ದರಿಂದ ಊರಿಗೆಲ್ಲ ಕೇಳಿಸಿತು. ಯಾರ ಕಡೆಯವರೂ ಅಲ್ಲದ ನೀವು ಆ ಹೊತ್ತಿನಲ್ಲಿ ಒಂದು ಕುರ್ಚಿಯಲ್ಲಿ ಕುಳಿತಿದ್ದರೆ ಆ ಒಂದು ಕುರ್ಚಿಯನ್ನಂತೂ ಎತ್ತಲಾಗುವುದಿಲ್ಲ.

ಹಣದ ವಿಷಯ ಚುಟುಕಾಗಿ. ಇಲ್ಲಿ ಕಲಾವಿದರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಧಾರಾಳವಾಗಿ ಸಿಗುತ್ತವೆ, ಪೆಟ್ರೋಲಿಗೆ ಸಿಗುವುದಿಲ್ಲ. ಒಂದು ಸಂಘದ ಕಾರ್ಯಕ್ರಮದಲ್ಲಿ ನನಗೆ ಪೂರ್ತಿ ಬಾಡಿಗೆ ಕೊಟ್ಟು ಕೊಳಲಿನವರಿಗೆ ಹಿತ್ತಾಳೆಯ ಲೇಪದ ಸರಸ್ವತಿಯನ್ನು ಕೊಟ್ಟು ಕಳುಹಿಸಿದರು. ನನಗೇ ನಾಚಿಕೆಯಾಯಿತು. ನಿಮ್ಮ ಮನೆಯಲ್ಲಿ ನಾಮಕರಣವೋ ಗೃಹಪ್ರವೇಶವೋ ಆದರೆ ಸ್ಪೀಕರಿನಲ್ಲಿ ಹಾಡು ಹಾಕುವ ಬದಲು ಊರಿನ ವಾಲಗದವರನ್ನು ಕರೆಯಿರಿ, ಹೇಳಿದ ದರಕ್ಕೆ ಚೌಕಾಸಿ ಮಾಡಬೇಡಿ, ಊಟದ ಪಂಕ್ತಿಯಲ್ಲಿ ಅವರನ್ನು ಕೊನೆಗೆ ಕೂರಿಸಬೇಡಿ. ಮೊಬೈಲಿನಲ್ಲಿ ತುಣುಕು ಹಾಕುವುದಾದರೆ ಹಾಡಿದವರ ಹೆಸರಿನ ಜೊತೆ ಪಕ್ಕವಾದ್ಯದವರ ಹೆಸರನ್ನೂ ಕೇಳಿ ಬರೆಯಿರಿ. ನಿಮ್ಮ ಬಳಿ ಕಾರಿದ್ದರೆ ಅದು ದೇಣಿಗೆಗಿಂತ ಮೇಲು: ಕಛೇರಿ ಮುಗಿದು ಮೃದಂಗದವರು ವಾದ್ಯದ ಎಡಗಡೆಗೆ ಹಚ್ಚಿದ ರವೆಯನ್ನು ಕೆರೆದು ತೆಗೆದು, ವಾದ್ಯವನ್ನು ಚೀಲಕ್ಕೆ ತುಂಬಿ, ಅದನ್ನು ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆಗೆ ನಡೆಯುವಾಗ ಹತ್ತು ದಾಟಿರುತ್ತದೆ.

ಎಲ್ಲ ಕಲೆಯೂ ಸಭಾಂಗಣದಲ್ಲಿ ಇರುವುದಿಲ್ಲ. ದೀಪಾವಳಿಗೆ ರಜೆ ಸಿಕ್ಕರೆ ಕೊಪ್ಪ, ಶೃಂಗೇರಿ ಕಡೆ ಹೋಗಿ. ಅಂಟಿಗೆ-ಪಂಟಿಗೆಯವರು ಹೊತ್ತಿಸಿದ ದೀಪ ಹಿಡಿದು, ರಾತ್ರಿಯೆಲ್ಲ ಮನೆಮನೆಗೆ ಹಾಡಿಕೊಂಡು ಬರುತ್ತಾರೆ. ಅಲ್ಲಿ ನೀವು ಮಾಡಬೇಕಾದದ್ದು ಎದ್ದು ಬಾಗಿಲು ತೆರೆದು ದೀಪಕ್ಕೆ ಎಣ್ಣೆ ಎರೆಯುವುದು. ಅಲ್ಲಿ ನನ್ನ ಮೈಕಿಗೆ ಕೆಲಸವಿಲ್ಲ, ಇರಲೂಬಾರದು.

ಎಲ್ಲಿ ಏನಿದೆ ಎಂದು ತಿಳಿಯಲು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಇಂದಿನ ಕಾರ್ಯಕ್ರಮಗಳ ಪಟ್ಟಿ ನೋಡಿ, ಹಾಸನಾಂಬ ಕಲಾಕ್ಷೇತ್ರದ ಮುಂದೆ ಹಾದುಹೋಗುವಾಗ ಬ್ಯಾನರ್ ಓದಿ. ಗಣಪತಿ ಹಬ್ಬದ ಕಾಲದಲ್ಲಿ ಹುಡುಕುವುದೇ ಬೇಡ, ಪೆಂಡಾಲಿಗೆ ಹೋದರೆ ಸಂಜೆ ಒಂದಲ್ಲ ಒಂದು ನಡೆಯುತ್ತಿರುತ್ತದೆ. ಬಂದಾಗ ಹಿಂದೆ ಮಿಕ್ಸರ್ ಬಳಿ ಕುಳಿತಿರುವವನನ್ನು ಮಾತನಾಡಿಸಿ, ನಾನೇ ಇರಬಹುದು. ಆದರೆ ವೇದಿಕೆಯ ಹತ್ತಿರದ ಫ್ಯಾನ್‌ಗಳನ್ನು ನಾನು ಆರಿಸಿರುತ್ತೇನೆ, ಗಾಳಿ ಮೈಕಿಗೆ ಹೊಡೆದು ಗುರ್ರೆನ್ನುತ್ತದೆ. ಸೆಕೆಯೆಂದು ದಯವಿಟ್ಟು ಎದ್ದು ಸ್ವಿಚ್ ಹಾಕಬೇಡಿ.